ನೋವಿನ ಕೈ ಮೊದಲು

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಲರಕ್ಕ ಎಂದು. ಮದುವೆಗೆ ಮುಂಚಿನಿಂದಲೂ ಅಂಗಿಗೆ ಕಾಲರ್ ಕೂರಿಸುವ ಮಷಿನ್ನು ಅವಳದೇ. ಅವಳು ಕೂರಿಸಿದ ಕಾಲರ್ ಯಾರ ಕತ್ತಿನ ಮೇಲೂ ಮೂತಿ ತಿರುಗಿಸುತ್ತಿರಲಿಲ್ಲ. ಅಂಥವಳು ಈಗ ಕೆಲಸಕ್ಕೆ ರಜೆ ಹಾಕಿ, ತಿಂಗಳುಗಟ್ಟಲೆ ಒಬ್ಬರದೇ ಅಂಗಿಯ ಗುಂಡಿ ಹಾಕುತ್ತ, ಬಿಚ್ಚುತ್ತ ಮನೆಯಲ್ಲಿದ್ದಳು.

ಅಂಗಿ ಗಂಡನದು. ಅವನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದ. ನಿಲ್ದಾಣದಲ್ಲಿ ಬಾಂಬು ಸಿಡಿದ ಗಳಿಗೆಯಲ್ಲಿ ಕೆಳಗೆ ಬಿದ್ದ ಚಿಲ್ಲರೆ ಹೆಕ್ಕಲು ಬಗ್ಗಿದ್ದ. ಅದರಿಂದ ಅವನ ಜೀವ ಉಳಿಯಿತು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದ ಎಷ್ಟೋ ಜನರದು ಉಳಿಯಲಿಲ್ಲ. ಅವನ ಬಲಗೈ ಅಂದಿನಿಂದ ಭುಜದ ಮಟ್ಟಕ್ಕೂ ಏಳುವುದಿಲ್ಲ. ಅಂಥ ಕೈಗೆ ಅಂಗಿ ತೊಡಿಸುವ ಕ್ರಮವನ್ನು ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಿದ್ದಳು: ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಮೊದಮೊದಲು ಮನೆಯಲ್ಲಿ ಮೇಲೊಂದು ಟವೆಲ್ ಹೊದ್ದರೆ ನಡೆಯುತ್ತಿತ್ತು. ಟೀವಿಯವರು ಬಾಗಿಲು ತಟ್ಟಿದ ಮೇಲೆ ಇಸ್ತ್ರಿ ಅಂಗಿಯೇ ಆಗಬೇಕಾಯಿತು.

ದಾಳಿಗೆ ಕಾರಣವೇನು ಎಂದು ಊರೆಲ್ಲ ಚರ್ಚೆ ನಡೆದಿತ್ತು. ಬಡತನ ಎಂದರು ಕೆಲವರು, ಧರ್ಮ ಎಂದರು ಕೆಲವರು. ಹೊರಗಿನವರ ಕೈವಾಡ, ಪೊಲೀಸರ ನಿದ್ದೆ, ಹುಡುಗರ ಕೈಯ ಮೊಬೈಲು, ಒಂದೂ ಬಿಡಲಿಲ್ಲ. ಯಾವ ವಾದವಾದರೂ ಸರಿ, ಪಕ್ಕದಲ್ಲೊಬ್ಬ ಗಾಯಗೊಂಡವನು ಕೂತಿದ್ದರೆ ಮಾತಿಗೆ ತೂಕ. ಟೀವಿ ಚರ್ಚೆಯಲ್ಲಿ ಮೊದಲ ಸಲ ಕೇಳಿದಾಗ ಅವನು, ನನಗೇನು ಗೊತ್ತು ಸ್ವಾಮಿ, ನಾನು ಚಿಲ್ಲರೆ ಹೆಕ್ಕುತ್ತಿದ್ದೆ, ಎಂದುಬಿಟ್ಟಿದ್ದ. ಆಮೇಲೆ ಸ್ವಲ್ಪ ದಿನ ಯಾರೂ ಕರೆಯಲಿಲ್ಲ. ಮತ್ತೆ ಕರೆದಾಗ ಅವನು ಎಲ್ಲರ ಮಾತಿಗೂ ತಲೆಯಾಡಿಸುವುದನ್ನು ಕಲಿತಿದ್ದ. ಅಲ್ಲಿಂದಾಚೆ ಕರೆಗೆ ಬರವಿರಲಿಲ್ಲ. ಅವನನ್ನು ಮೀಯಿಸುವುದು, ಗಾಯದ ಪಟ್ಟಿ ಬದಲಿಸುವುದು, ಗಡ್ಡ ಹೆರೆಯುವುದು, ಕಾಲಿಗೆ ಷೂ ಸಿಕ್ಕಿಸಿ ಕಾರಿನವರೆಗೆ ಬಿಟ್ಟು ಬರುವುದು ಅವಳ ಪಾಲಿಗೆ. ಕಾರಣ ಹೇಳುವುದು ಮಿಕ್ಕವರ ಪಾಲಿಗೆ.

ಹೀಗಿರುವಾಗ ಕಾರ್ಖಾನೆಯ ಸೂಪರ್‌ವೈಸರ್ ಫೋನು ಮಾಡಿದಳು. ಸೋಮವಾರ ಬರದಿದ್ದರೆ ಮಷಿನ್ನನ್ನು ಬೇರೆಯವಳಿಗೆ ಕೊಡುತ್ತಾರೆ, ತಾನು ತಡೆಯುವಷ್ಟು ತಡೆದಾಯಿತು, ಎಂದಳು. ಕಾಲರಕ್ಕ ಅದನ್ನು ಗಂಡನಿಗೆ ಹೇಳಿದಳು.

"ಸೋಮವಾರ ಚರ್ಚೆ ಇದೆಯಲ್ಲ," ಎಂದ.

"ಅವರೇ ಕಾರು ಕಳಿಸ್ತಾರಲ್ಲ."

"ಕಾರು ಬಂದು ಅಂಗಿ ಹಾಕತ್ತಾ?"

ಮನೆಯಲ್ಲಿ ಉಳಿಯುವವಳು ಅತ್ತೆ, ಆಕೆಗೆ ವಯಸ್ಸಾಗಿ ಕೈ ನಡುಗುತ್ತಿತ್ತು. ಗುಂಡಿ ಹಾಕಲು ಹೋಗಿ ಮಗನ ಕತ್ತು ಹಿಸುಕಿಬಿಟ್ಟೇನು ಎಂದು ಆಕೆಯೇ ನಗುತ್ತಿದ್ದಳು.

ಶನಿವಾರದ ಚರ್ಚೆಗೆ ನಿವೃತ್ತ ಅಧಿಕಾರಿಯೊಬ್ಬರು ಬಂದಿದ್ದರು. ಅತ್ತೆ ಸೊಸೆ ಮನೆಯಲ್ಲಿ ಕೂತು ನೋಡುತ್ತಿದ್ದರು. ಸೊಸೆ ಒಗೆದ ಪಟ್ಟಿಗಳನ್ನು ಸುತ್ತಿಡುತ್ತಿದ್ದಳು. ದಾಳಿಯ ಬೇರು ಇರುವುದು ಮನೆಯಲ್ಲಿ, ಎಂದರು ಆ ಅಧಿಕಾರಿ. ತಾಯಂದಿರು ದುಡಿಯಲು ಹೊರಟರೆ ಮಕ್ಕಳು ಯಾರ ಸಹವಾಸ ಮಾಡುತ್ತಾರೆಂದು ನೋಡುವವರು ಯಾರು, ಎಂದು ಕೇಳಿದರು. ಕ್ಯಾಮೆರಾ ಗಾಯಾಳುವಿನ ಕಡೆ ತಿರುಗಿತು. ಅವನು ತಲೆಯಾಡಿಸಿದ.

ಅತ್ತೆ ಸೊಸೆಯ ಮುಖ ನೋಡಿದಳು. "ಅವನು ಎಲ್ಲದಕ್ಕೂ ಹಾಗೇ ಆಡಿಸ್ತಾನೆ ಕಣೇ. ಚಿಕ್ಕವನಿದ್ದಾಗ ಸ್ಕೂಲಲ್ಲೂ ಹಾಗೇ."

"ಆಡಿಸಲಿ ಬಿಡಿ ಅತ್ತೆ. ಆ ತಲೆ ಬಾಚಿ ಕಳಿಸಿದವಳು ನಾನೇ."

ಭಾನುವಾರ ಅವಳು ಅಂಗಡಿಯಿಂದ, ಮಕ್ಕಳ ಷೂಗೆ ಇರುವಂಥ, ಒತ್ತಿದರೆ ಕಚ್ಚಿಕೊಂಡು ಎಳೆದರೆ ಬಿಡುವ ಪಟ್ಟಿ ತಂದಳು. ಅವನ ಮೂರು ಅಂಗಿಗಳ ಬಲಗಡೆಯ ಹೊಲಿಗೆಯನ್ನು ತೋಳಿನ ಅಂಚಿನಿಂದ ಸೊಂಟದವರೆಗೂ ಬಿಚ್ಚಿ, ಆ ಪಟ್ಟಿ ಹೊಲಿದಳು. ಎದೆಯ ಗುಂಡಿಗಳನ್ನು ಕಿತ್ತು ತೋರಿಕೆಗೆಂದು ಮೇಲ್ಗಡೆಗೇ ಭದ್ರವಾಗಿ ಹಾಕಿ, ಒಳಗೆ ಪಟ್ಟಿ ಕೊಟ್ಟಳು. ನೋಡಿದವರಿಗೆ ಮಾಮೂಲಿ ಅಂಗಿ.

"ಬನ್ನಿ. ನೋವಿನ ಕೈ ಮೊದಲು," ಎಂದಳು.

ಅವನು ಅಂಗಿಯನ್ನು ತೊಡೆಯ ಮೇಲೆ ಹರಡಿ ಎಡಗೈಯಲ್ಲಿ ತಡಕಾಡಿದ. ತೋಳು ತಿರುವುಮುರುವಾಯಿತು. ಮತ್ತೆ ಮಾಡಿದ, ಬೆವರಿದ. ಕೊನೆಗೆ ಅಂಗಿಯನ್ನು ಮೂಲೆಗೆಸೆದ. ಅವಳು ಎತ್ತಿ ತರಲಿಲ್ಲ. ಅವನೇ ಎದ್ದುಹೋಗಿ ತಂದ.

"ನಿನಗೆ ಸಿಟ್ಟು, ಗೊತ್ತು ನನಗೆ," ಎಂದ, ತಲೆ ತಗ್ಗಿಸಿಕೊಂಡೇ. "ಕಾರಣ ಗೊತ್ತಿಲ್ಲ ಅಂದರೆ ಟೀವಿಯವರು ಕರೆಯೋದು ಬಿಡ್ತಾರೆ. ಬಿಟ್ಟರೆ ದಿನಾ ಈ ಗೋಡೆ ನೋಡ್ಕೊಂಡು ಕೂರಬೇಕು."

"ಇಷ್ಟು ದಿನದಿಂದ ನಾನು ನೋಡ್ತಿರೋದೂ ಅದೇ ಗೋಡೆ ರೀ."

ಅವನು ಅಂಗಿಯನ್ನು ಮತ್ತೆ ತೊಡೆಯ ಮೇಲೆ ಹರಡಿದ. ತೋಳನ್ನು ಹುಡುಕಿ ಬಲಗೈ ತೂರಿಸಿದ.

ಸೋಮವಾರ ಅವಳು ಅಡುಗೆ ಮುಚ್ಚಿಟ್ಟು, ಅತ್ತೆಯ ಮಾತ್ರೆ ತೆಗೆದಿಟ್ಟು, ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಹೊರಟಳು. ಕಾರ್ಖಾನೆಯಲ್ಲಿ ಅವಳ ಮಷಿನ್ನಿನ ಕುರ್ಚಿಯನ್ನು ಯಾರೋ ಎತ್ತರಿಸಿಕೊಂಡಿದ್ದರು. ಅದನ್ನು ತನ್ನ ಅಳತೆಗೆ ಇಳಿಸಿ ಕೂತಳು. ಮೊದಲ ಕಾಲರ್ ಸೊಟ್ಟಗಾಯಿತು. ಪಕ್ಕದವಳು, ಟೀವಿಯವರ ಹೆಂಡತಿ ಕೆಲಸ ಮರೆತುಬಿಟ್ಟರು, ಎಂದು ಛೇಡಿಸಿದಳು. ಕಾಲರಕ್ಕ ಬಿಚ್ಚಿ ಮತ್ತೆ ಹೊಲಿದಳು. ಊಟದ ಹೊತ್ತಿಗೆ ಕೈ ಹಳೆಯ ಓಟ ಹಿಡಿದಿತ್ತು.

ಸಂಜೆ ಮನೆಗೆ ಬಂದಾಗ ಅವನು ಆಗಷ್ಟೇ ಕಾರಿನಿಂದ ಇಳಿದು ಬಂದಿದ್ದ. ಅಂಗಿ ಎದೆಯ ಹತ್ತಿರ ಒಂದು ಬೆರಳಷ್ಟು ಮೇಲೆಕೆಳಗಾಗಿ ಕಚ್ಚಿಕೊಂಡಿತ್ತು.

"ಹೀಗೇ ಕೂತಿದ್ರಾ ಅಷ್ಟೂ ಹೊತ್ತು?"

"ಯಾರೂ ನೋಡಲಿಲ್ಲ."

ಅವಳು ಒಲೆ ಹಚ್ಚುತ್ತ, ಆ ಅಧಿಕಾರಿ ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರಂತೆ. ಅದನ್ನೇ ಮತ್ತೆ ಹೇಳಿದರಂತೆ.

"ನೀವು?"

"ನನ್ನ ಹೆಂಡತಿ ಇವತ್ತು ಕೆಲಸಕ್ಕೆ ಹೋಗಿದಾಳೆ ಅಂದೆ." ಅವನು ಕುರ್ಚಿಯಲ್ಲಿ ಕುಸಿದು ಕೂತ. "ಜಾಹೀರಾತು ಹಾಕಿಬಿಟ್ಟರು. ಬುಧವಾರದ ಚರ್ಚೆಯದು ಆಮೇಲೆ ಹೇಳ್ತೀವಿ ಅಂದರು."

ಅತ್ತೆ ಕಿಸಕ್ಕನೆ ನಕ್ಕಳು. ಕಾಲರಕ್ಕ ಒಲೆಯ ಮೇಲೆ ಪಾತ್ರೆ ಇಟ್ಟಳು. ಅವನು ಅವಳ ಕಡೆ ತಿರುಗಿ, "ಬಾರೇ, ಅಂಗಿ ತೆಗಿ," ಎಂದ.

"ಹಾಕ್ಕೊಂಡಿದ್ದು ಯಾರು?"

ಅವನು ಎಡಗೈಯಿಂದ ಪಟ್ಟಿ ಹಿಡಿದು ಎಳೆದ. ಪರ್ರನೆ ಸದ್ದಾಯಿತು. ಅತ್ತೆ ಬೆಚ್ಚಿದಳು. ಅವನೂ ಒಂದು ಕ್ಷಣ ಬೆಚ್ಚಿ, ಕಣ್ಣು ಮುಚ್ಚಿ ತೆರೆದ. ಆಮೇಲೆ ಎಡಗೈ ಬಿಡಿಸಿಕೊಂಡು, ನೋವಿನ ಕೈಯನ್ನು ಕೊನೆಗೆ, ನಿಧಾನವಾಗಿ ಹೊರಗೆ ತೆಗೆದ.