ಅಳಿಸಿದ ಕೈ

ಮೊನ್ನೆ ಪಿರಿಯಾಪಟ್ಟಣದ ನಮ್ಮ ಬೀದಿಯ ಬಾಣಂತಿ ಮನೆಯೊಂದರಿಂದ ಸಾಂಬ್ರಾಣಿ ವಾಸನೆ ಬಂತು. ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ಮನೆಯಲ್ಲಿ ಮಿಕ್ಸಿ ಥಟ್ಟನೆ ನಿಂತರೂ ನನಗೆ ಹಾಗಾಗುತ್ತದೆ. ಆದರೆ ಇದು ಎದುರು ಮನೆಯ ಅಜ್ಜಿಯ ಸೀರೆಯ ವಾಸನೆ…

ಬೀದಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿ ನೀರು ಹಾಕುತ್ತಿದ್ದವರು ಅವರು. ತಮ್ಮ ಕೈಗೆ ಬಂದ ಕೂಸು ಅಳುವುದಿಲ್ಲವೆಂಬ ಹೆಮ್ಮೆ. ಸುಮ್ಮನಿರುವ ಕೂಸು ಸುಖವಾಗಿದೆ ಎಂದೇ ಅವರ ತೀರ್ಮಾನ.

ನನ್ನ ಮಗಳ ವಿಷಯದಲ್ಲಿ ಅದು ಪೂರ್ತಿ ತಿರುಗುಮುರುಗು. ಅವಳ ಮೂಗಿನ ಹಿಂದಿನ ದಾರಿಗಳೆರಡೂ ಹುಟ್ಟಿನಿಂದಲೇ ಮುಚ್ಚಿದ್ದವು. ಎಳೆಗೂಸು ಉಸಿರಾಡುವುದು ಮೂಗಿನಲ್ಲೇ. ಅತ್ತಾಗ ಬಾಯಿ ತೆರೆದು ಕೆಂಪಾಗುತ್ತಿದ್ದಳು, ಸುಮ್ಮನಾದರೆ ನೀಲಿಗಟ್ಟುತ್ತಿದ್ದಳು. ಮೈಸೂರಿನಲ್ಲಿ ಆಪರೇಷನ್ ಮಾಡಿ, ಮೂಗಿಗೆ ನಳಿಕೆ ಇಟ್ಟು, ಕೆಲವು ವಾರ ಬಿಟ್ಟು ತೆಗೆದು ಕಳಿಸಿದರು. ದಾರಿ ಮತ್ತೆ ಮುಚ್ಚಿಕೊಳ್ಳಲೂಬಹುದು, ನೀಲಿಯಾದರೆ ಅಳಿಸುತ್ತಲೇ ಕರೆತನ್ನಿ ಎಂದಿದ್ದರು.

ಒಂದು ಬೆಳಿಗ್ಗೆ ನೀರು ಹಾಕಿದ ಅಜ್ಜಿ, "ನೋಡ್ ಮಗ, ಎಂಗ್ ತಣ್ಣಗ್ ಮಲಗವ್ಳೆ" ಎಂದರು. ನೋಡಿದೆ. ತುಟಿ ನೀಲಿ.

ಪಕ್ಕದವರ ಕಾರು ಸಿಕ್ಕಿತು. ಹೆಂಡತಿ ಆಸ್ಪತ್ರೆಯ ಕಾಗದಗಳನ್ನು ಬಾಚಿಕೊಂಡು ಹತ್ತಿದಳು. ನನ್ನ ಕೈಯನ್ನಂತೂ ಯಾರೂ ನಂಬಲಿಲ್ಲ. ಕೂಸು ಅಜ್ಜಿಯ ಮಡಿಲಲ್ಲಿ. ಅವರ ಕೈ ಅಭ್ಯಾಸಬಲದಿಂದ ತಟ್ಟಿ ಮಲಗಿಸಲು ಹೊರಟಿತು. ಅಳಿಸಿ ಅಜ್ಜಿ, ಬಿಡಬೇಡಿ ಎಂದು ಗೋಗರೆದೆ. ಅಂಗಾಲಿಗೆ ಬೆರಳಲ್ಲಿ ಹೊಡೆದರು. ಹುಣಸೂರು ದಾಟಿ ಮೈಸೂರು ಮುಟ್ಟುವವರೆಗೂ ಹೊಡೆಯುತ್ತ, ತಾವೂ ಅಳುತ್ತ, "ಬೈಯವ್ವ, ಇನ್ನೂ ಬೈಯಿ ನನ್ನ" ಅನ್ನುತ್ತಲೇ ಇದ್ದರು.

ಕೂಸು ಉಳಿಯಿತು. ಆಮೇಲೆ ನಮ್ಮೂರ ರಸ್ತೆಯ ಹಾಗೆ ಮೂಗಿನ ದಾರಿ ಬಿಡಿಸುವುದು, ಮುಚ್ಚಿಕೊಳ್ಳುವುದು, ಮತ್ತೆ ಬಿಡಿಸುವುದು… ಪ್ರತಿ ಸಲವೂ ಡಾಕ್ಟರು ಇದೇ ಕೊನೆ ಎನ್ನುತ್ತಿದ್ದರು.

ಅಜ್ಜಿ ಮಾತ್ರ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಕರೆಯಲು ಹೋದರೆ, "ಅಳ್ಸಿದ್ ಕೈ ಕಣಪ್ಪ ಇದು. ಆ ಕೂಸ್ನ ಮುಟ್ಟಾಕಾಗಾಕಿಲ್ಲ ಬುಡು" ಎಂದರು. ನೀವು ಅಳಿಸಿದ್ದಕ್ಕೇ ಉಳಿದಳು ಎಂದೆ. ಮೂಗಿನ ಚಿತ್ರ ಬರೆದು ತೋರಿಸಿದೆ. ಅದು ಬದನೆಕಾಯಿಯಂತೆ ಕಂಡಿತೆಂದು ನಕ್ಕರು, ಕಾಫಿ ಕೊಟ್ಟರು. ಒಪ್ಪಲಿಲ್ಲ. ಮಗಳು ಬೀದಿಯಲ್ಲಿ ಓಡಾಡುವಂತಾದಾಗ, ಅವಳನ್ನು ಕಂಡರೆ ಒಳಗೆ ಸರಿದುಬಿಡುತ್ತಿದ್ದರು. ಎಷ್ಟು ವಾದ ಮಾಡಿದರೂ ಗೋಡೆಗೆ ಹೇಳಿದಂತೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಕಥೆಯೆಲ್ಲ ತಿಳಿದಿದ್ದ ಮಗಳು ನೇರ ಹೋಗಿ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡಳು. ಈ ಸಲ ಅವರು ಒಳಗೆ ಸರಿಯುವಂತಿರಲಿಲ್ಲ.

ಅಜ್ಜಿಯ ಮೇಲೆ ನನಗಿನ್ನೂ ಸಿಟ್ಟಿದೆ. ಇಷ್ಟು ವರ್ಷ ಆ ಕೈ ಎದುರು ಮನೆಯಲ್ಲೇ ಇತ್ತಲ್ಲ…