ಹಳದಿ ರೇನ್‌ಕೋಟಿಗೆ ಒಂದು ಜಪಾನಿ ಹೆಸರು

ನನಗೆ ಬರುವ ಜಪಾನಿಯೆಲ್ಲ ನಮ್ಮ ಮನೆ ಓನರ್ ಮುದುಕರಿಂದ ಕದ್ದದ್ದು. ಅದೂ ಭಾಷೆಯಲ್ಲ, ಬರೀ ಗಂಟಲು. ಅಮೆರಿಕದ ಎವರ್‌ಗ್ರೀನ್ ಬಡಾವಣೆಯಲ್ಲಿ ಅವರ ಮನೆಯ ಹಿತ್ತಿಲಲ್ಲಿರುವ ಎರಡು ಕೋಣೆಗಳಲ್ಲಿ ನಾನೂ ನನ್ನ ರೂಮ್‌ಮೇಟೂ ಬಾಡಿಗೆಗಿದ್ದೇವೆ. ಮುದುಕರು ಕೆಮ್ಮುವುದು, "ಓಯ್" ಎಂದು ಹೆಂಡತಿಯನ್ನು ಕರೆಯುವುದು, ನಮ್ಮ ಒಗ್ಗರಣೆಯ ಘಾಟಿಗೆ ಮೂಗಿನಲ್ಲೇ ಗೊಣಗುವುದು, ಎಲ್ಲವನ್ನೂ ಅವರೆದುರೇ ಮಾಡಿ ತೋರಿಸುತ್ತಿದ್ದೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮುದುಕರು ನಗುತ್ತಿರಲಿಲ್ಲ, ಆ ನಗದ ಮುಖವನ್ನೂ ನಾನು ಬಿಡುತ್ತಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅಜ್ಜಿಯ ಮರೆವು ಜೋರಾಯಿತು. ಮೊದಲು ಹೋದದ್ದು ಇಂಗ್ಲಿಷು. ಮಳೆ ಬಂತೆಂದರೆ ಮನೆಯುಡುಪಿನಲ್ಲೇ ಪೊರಕೆ ಹಿಡಿದು ಬೀದಿಗಿಳಿದು ಎಲೆ ಗುಡಿಸುವರು. ಒಮ್ಮೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದರು. ಫ್ರೀಮಾಂಟ್‌ನಲ್ಲಿರುವ ಮಗಳು ಒಂದು ಹಳದಿ ರೇನ್‌ಕೋಟು ತಂದು ನನ್ನ ಕೈಗಿಟ್ಟು, "ಇನ್ನೊಂದ್ ಸಲ ನೆನೆದ್ರೆ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸ್ಬೇಕಾಗುತ್ತೆ. ನೀನು ಮನೆಯಿಂದಲೇ ಕೆಲಸ ಮಾಡೋದಲ್ವಾ, ಸ್ವಲ್ಪ ನೋಡ್ಕೋ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಜಪಾನಿ ಇಲ್ಲಿ ಹುಟ್ಟಿದ ನಮ್ಮವರ ಮಕ್ಕಳ ಕನ್ನಡದ ಹಾಗೆ: ಕಿವಿಯಲ್ಲಿದೆ, ನಾಲಿಗೆಯಲ್ಲಿಲ್ಲ.

ಮೊದಲ ಮಳೆಗೆ ಫೋನು ಅನುವಾದಿಸಿ ಹೇಳಿಕೊಟ್ಟಂತೆ "ರೇನ್‌ಕೋಟೊ" ಎಂದೆ. ಅಜ್ಜಿ ಬಗ್ಗಿ ನಮಸ್ಕರಿಸಿ, ಅದು ಯಾರೋ ನೆಂಟರದೆನ್ನುವಂತೆ ಮಡಿಕೆ ಬಿಡಿಸಿ ಗೋಡೆಯ ಗೂಟಕ್ಕೆ ನೇತುಹಾಕಿ ಮಳೆಗಿಳಿದರು. ಎರಡನೇ ಮಳೆಗೆ ಫೋನು "ಅಮಾಗು" ಎಂದಿತು. ಅಂದರೆ ಮಳೆ ಸಾಮಾನು. ಅಜ್ಜಿ ಒಳಗೆ ಹೋಗಿ ತಮ್ಮ ಕೊಡೆ ತಂದು ನನಗೇ ಕೊಟ್ಟರು. ಎರಡು ಸಲವೂ ನಾನೇ ಆ ಕೊಡೆ ಹಿಡಿದು ಅವರ ಹಿಂದೆ ಬೀದಿಯುದ್ದ ಓಡಾಡಿದೆ, ಉತ್ಸವದ ಛತ್ರಿಯವನ ಹಾಗೆ.

"ಎಂತ ಮಾರಾಯ, ಅವರೇ ನಿನ್ನನ್ನು ಮಳೆಯಿಂದ ಕಾಪಾಡ್ಲಿಕ್ಕೆ ಹೊರಟದ್ದಲ್ಲವಾ!" ಎಂದ ಉಡುಪಿಯ ರೂಮ್‌ಮೇಟ್.

"ನಮ್ಮಜ್ಜಿನೂ ಹಿಂಗೇ ಕಣೋ. ರೇನ್‌ಕೋಟು ಅಂದ್ರೆ ಮೇಷ್ಟ್ರು ಹಾಕ್ಕೊಳೋದು ಅನ್ನೋಳು. ಕೊಪ್ಪೆ ಅಂದ್ರೆ ಮಾತ್ರ ತಲೆ ಬಗ್ಸೋಳು," ಎಂದೆ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೆ ಹಾಕಿಕೊಳ್ಳುವುದಕ್ಕೆ ನಮ್ಮ ಮಂಡ್ಯದಲ್ಲಿ ಕೊಪ್ಪೆ ಎನ್ನುತ್ತಾರೆ.

"ಮತ್ತೆ ಫೋನನ್ನು ಕೇಳುದು ಎಂತಕ್ಕೆ? ಆ ಮನೆಯಲ್ಲಿ ಎಂತ ಹೇಳ್ತಿದ್ರು ಅಂತ ಕೇಳು."

ಮಗಳಿಗೆ ಫೋನು ಮಾಡಿದೆ. ಅವರು ಒಂದೆರಡು ಪದ ಬಾಯಲ್ಲೇ ಹೊರಳಿಸಿ ನೋಡಿದರು. "ಅಪ್ಪ ಬಾಗಿಲಲ್ಲಿ ನಿಂತು ಕೂಗ್ತಿದ್ರು... ಕಪ್ಪ. ಹೌದು, ಕಪ್ಪ. ಮರೆತೇಬಿಟ್ಟಿದ್ದೆ."

ಮುಂದಿನ ಮಳೆಗೆ ನನ್ನ ಸ್ವಂತ ದನಿಯಲ್ಲಿ "ಕಪ್ಪ" ಎಂದೆ. ಅಜ್ಜಿ ತಿರುಗಿದರು, ಗೂಟದತ್ತ ನೋಡಿದರು, ಅನುಮಾನಿಸಿದರು. ಸರಿ, ಎದೆ ತುಂಬ ಗಾಳಿ ಎಳೆದು, ಮುದುಕರ ಕೆಮ್ಮು ಕೆಮ್ಮಿ, "ಓಯ್! ಕಪ್ಪ!" ಎಂದು ಗದರಿದೆ.

"ಹಾಯ್, ಹಾಯ್," ಎಂದು ಅಜ್ಜಿ ರೇಗಿದರು. ಆಯ್ತಪ್ಪ, ಆಯ್ತು ಅಂತ. ಕೋಟು ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡರು.

ಆ ಮಳೆಗಾಲವಿಡೀ ಅವರು ನೆನೆಯಲಿಲ್ಲ. "ಗಂಡನ ಪಾರ್ಟು ಸಿಕ್ಕಿತು, ಇನ್ನು ಮೀಸೆ ಬಿಡು," ಎಂದು ರೂಮ್‌ಮೇಟ್ ಹಂಗಿಸಿದ. ನಾನೂ ಬೀಗಿದೆ. ಯಾವ ಫೋನಿಗೂ ಸಿಗದ ಪದ ನನ್ನ ಗಂಟಲಿಗೆ ಸಿಕ್ಕಿತ್ತಲ್ಲ!

ಮಳೆ ನಿಂತಿತು. ಮರೆವು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲವರೆಗೂ ಸುಟ್ಟ ವಾಸನೆ ಬಂದು ಓಡಿದರೆ, ಒಲೆಯ ಮೇಲೆ ಖಾಲಿ ಪಾತ್ರೆ ಕೆಂಪಗಾಗಿತ್ತು, ಅಜ್ಜಿ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದರು. ಅದಕ್ಕೆ ತೊಡಿಸುವ ಕೋಟು ಯಾವ ಅಂಗಡಿಯಲ್ಲೂ ಇರಲಿಲ್ಲ. ಮಗಳು ವೃದ್ಧಾಶ್ರಮದಲ್ಲಿ ಕೋಣೆ ಗೊತ್ತು ಮಾಡಿದರು.

ಹೊರಡುವ ದಿನ ಅಜ್ಜಿ ಅಡುಗೆಮನೆಯ ಮೇಜು ಹಿಡಿದು ಕೂತವರು ಏಳಲಿಲ್ಲ. ಮಗಳು ಬೇಡಿಕೊಂಡರು, ಅತ್ತರು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದರು.

"ಪ್ಲೀಸ್. ಅಪ್ಪನ ಥರ ಹೇಳು."

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಂದು ಮೋಡವಿಲ್ಲ. ಯಾರನ್ನೂ ಬಿಡದೆ ಅಣಕಿಸಿದ ಗಂಟಲಿಗೆ ಅವತ್ತು ಕೆಮ್ಮು ಅಸಲಿಯಾಗಿಯೇ ಬಂತು.

"ಓಯ್. ಕಪ್ಪ."

"ಹಾಯ್, ಹಾಯ್."

ಮೇಜು ಬಿಟ್ಟು ಎದ್ದರು. ಹಳದಿ ಕೋಟಿನ ಗುಂಡಿ ಹಾಕಿಕೊಂಡು ತಾವೇ ನಡೆದು ಹೋಗಿ ಕಾರಿನಲ್ಲಿ ಕೂತರು. ಕೂತವರು ಕಿಟಕಿಯಿಂದ, ನನ್ನ ಹೆಗಲಾಚೆ, ಖಾಲಿ ಬಾಗಿಲ ಕಡೆ ನೋಡುತ್ತ ಜಪಾನಿಯಲ್ಲಿ ಏನೋ ಕೇಳಿದರು. ಉದ್ದದ ಪ್ರಶ್ನೆ, ಮಗಳ ಕಿವಿಗೂ ದಕ್ಕದ್ದು. ಮಗಳು ನನ್ನ ಮುಖ ನೋಡಿದರು, ನಾನು ಅವರದು. ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದರು.

ನನ್ನ ಹತ್ತಿರ ಇದ್ದದ್ದು ಒಂದೇ ಡೈಲಾಗು. ಅದನ್ನೇ ಇನ್ನೊಮ್ಮೆ ಹೇಳಿದೆ.