ಮಾವನ ಹಿಂದಿನ ಕೋಣೆಯ ಕ್ಯಾಮೆರಾಗಳು

ಕೊರಳಲ್ಲಿ ಸದಾ ಭೂತಗನ್ನಡಿ ನೇತಾಡುತ್ತಿದ್ದುದರಿಂದ ಪೇಟೆಯವರು ಆಕೆಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದರು. ನೂರು ವರ್ಷ ದಾಟಿದ ಫ್ರೆಂಚ್ ಕ್ಯಾಮೆರಾಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ಆಕೆಯ ಕಸುಬು. ಅಸಲಿ ಎಂದು ಆಕೆ ಚೀಟಿ ಬರೆದುಕೊಟ್ಟರೆ ಸಂಗ್ರಹಕಾರರು ಮರುಮಾತಾಡುತ್ತಿರಲಿಲ್ಲ. ಕಸುಬು ಕಲಿಸಿದವನು ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ತನ್ನ ರಿಪೇರಿ ಅಂಗಡಿಯಲ್ಲಿ ಕೂರಿಸಿಕೊಂಡು, ಸ್ಕ್ರೂ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟಿದ್ದ.

ಒಂದು ಬೆಳಿಗ್ಗೆ ದಲ್ಲಾಳಿಯೊಬ್ಬ ಮರದ ಪೆಟ್ಟಿಗೆಯ, ಹಿತ್ತಾಳೆ ಕೊಳವೆಯ ಕ್ಯಾಮೆರಾ ಒಂದನ್ನು ತಂದು ಮೇಜಿನ ಮೇಲಿಟ್ಟ. ನೋಡಲು ಲಕ್ಷಣವಾಗಿತ್ತು. ಪೆಟ್ಟಿಗೆಗೂ ಕೊಳವೆಗೂ ನಡುವೆ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮವನ್ನು ಬಿಡಿಸಿದ್ದೇ ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಹೊಸ ಚರ್ಮಕ್ಕೆ ಚಹಾದ ನೀರು ಕುಡಿಸಿ, ಪಾಲಿಶ್ ತಿಕ್ಕಿ, ಮುದಿತನ ಬರಿಸಿದ್ದರು. ತಯಾರಕರ ಹೆಸರಿನ ತಗಡೊಂದೇ ಅಸಲಿ. ಪೆಟ್ಟಿಗೆಯ ಮೂಲೆಯಲ್ಲಿ ಹಲಗೆಗಳ ಹಲ್ಲುಗಳು ಒಂದಕ್ಕೊಂದು ಕೂಡುವ ಜಾಗಕ್ಕೆ ಆಕೆ ಭೂತಗನ್ನಡಿ ಹಿಡಿದಳು. ಕೊನೆಯ ಹಲ್ಲನ್ನು ಹೀಗೆ ಓರೆಯಾಗಿ ಕೊಯ್ಯುವ ಕೈ ಆಕೆಗೆ ಗೊತ್ತಿದ್ದದ್ದು ಒಂದೇ.

ದಲ್ಲಾಳಿಯನ್ನು ಕಳಿಸಿ, ತನ್ನ ಅಂಗಡಿಗೆ ಬೀಗ ಜಡಿದು ಸೀದಾ ಮಾವನ ಮನೆಗೆ ನಡೆದಳು. ಹಿಂದಿನ ಕೋಣೆಯ ನೆಲದ ಮೇಲೆ ಒಂದು ನಿಜವಾದ ಹಳೇ ಕ್ಯಾಮೆರಾ, ಕೋಳಿ ಕೊಯ್ದು ಹರವಿದಂತೆ ಬಿದ್ದಿತ್ತು. ಪಕ್ಕದ ಬಕೆಟ್ಟಿನಲ್ಲಿ ಚರ್ಮ ನೆನೆಯುತ್ತಿತ್ತು, ಮೇಲೆ ಬೂಷ್ಟು ತೇಲುತ್ತಿತ್ತು. ಮಾವ ಆ ನೀರಿನಲ್ಲಿದ್ದ ಬೆರಳುಗಳನ್ನು ಬನಿಯನ್ನಿಗೆ ಒರೆಸಿಕೊಂಡು, ಚಹಾ ಕುಡಿಯುತ್ತೀಯಾ ಎಂದು ಕೇಳಿದ. ಆಕೆ ಬೇಡವೆಂದು, ಯಾಕೆ ಹೀಗೆ ಮಾಡಿದಿರಿ ಎಂದಳು.

“ಒಂದು ಅಸಲಿ ಬಿಚ್ಚಿ ಭಾಗ ಹಂಚಿದ್ರೆ ನಾಲ್ಕು ಆಗುತ್ತೆ ಕಣಮ್ಮ. ಕೊಂಡೋರು ಗಾಜಿನ ಬೀರುವಲ್ಲಿ ಇಟ್ಕೊಂಡು ನೋಡ್ತಾರೆ ಅಷ್ಟೇ. ಯಾರಿಗೇನು ನಷ್ಟ?”

“ನಾನು ಹಿಡಿದುಬಿಟ್ಟೆನಲ್ಲ ಮಾವ.”

“ಇದನ್ನ ಹಿಡಿದೆ. ಹೋದ ವರ್ಷ ಎರಡಕ್ಕೆ ನೀನೇ ಚೀಟಿ ಬರೆದುಕೊಟ್ಟಿದ್ದೀಯ.”

ಮಾವ ನಕ್ಕ. ಶಿಷ್ಯೆಯ ಕಣ್ಣಿಗೇ ಮಣ್ಣೆರಚಿದ ಹೆಮ್ಮೆ ಆ ನಗುವಿನಲ್ಲಿತ್ತು. ಆಕೆ ಹೊರಟುಬಿಟ್ಟಳು. ಅವನ ಮೇಲೆ ಹುಟ್ಟಿದ ಹೇಸಿಗೆ ಮನೆ ಮುಟ್ಟುವಷ್ಟರಲ್ಲಿ ತನ್ನ ಮೇಲೇ ತಿರುಗಿತ್ತು.

ಯಾವೆರಡು ಎಂದು ಪತ್ತೆಹಚ್ಚಿ, ಮರುದಿನವೇ ಕೊಂಡವರ ಬಳಿಗೆ ಹೋದಳು. ಮೊದಲನೆಯವರು ನಿವೃತ್ತ ನರ್ಸು. ಎಲ್ಲ ಕೇಳಿ, ಚೀಟಿಯನ್ನು ಹರಿದು, ಚೂರುಗಳನ್ನು ಆಕೆಯ ಅಂಗೈಯಲ್ಲಿಟ್ಟರು. ಎರಡನೆಯವರು ಹಲ್ಲಿನ ಡಾಕ್ಟರು. ರೋಗಿಗಳು ಕಾಯುವ ಕೋಣೆಯಲ್ಲೇ ಕ್ಯಾಮೆರಾಕ್ಕೆ ದೀಪ ಹಾಕಿಸಿ ಇಟ್ಟಿದ್ದರು. ವಿಷಯ ತಿಳಿದೊಡನೆ ಆಕೆಯನ್ನು ಮೂಲೆಗೆ ಕರೆದರು.

“ನೋಡಿ, ಇದನ್ನ ಕೊಳ್ಳೋಕೆ ನಾಳೆ ಒಬ್ಬರು ಬರ್ತಿದ್ದಾರೆ. ನೀವು ಇವತ್ತು ಬರಲೇ ಇಲ್ಲ ಅಂದ್ಕೊಳ್ಳಿ.”

ಆಕೆ ಅಷ್ಟೂ ರೋಗಿಗಳೆದುರು, ಇದು ನಕಲಿ, ತಪ್ಪು ಚೀಟಿ ಬರೆದವಳು ನಾನೇ ಎಂದು ಗಟ್ಟಿಯಾಗಿ ಹೇಳಿದಳು. ಡಾಕ್ಟರ ಮುಖ ಹುಳ್ಳಗಾಯಿತು. ದವಡೆ ಊದಿಸಿಕೊಂಡಿದ್ದ ಮುದುಕನೊಬ್ಬ ಎದ್ದು ಬಂದು ಕ್ಯಾಮೆರಾವನ್ನು ಇಣುಕಿ ನೋಡಿ, ಚೆನ್ನಾಗೇ ಇದೆಯಲ್ಲ ಎಂದ.

ಅಂದಿನಿಂದ ಆಕೆ ಬೆಲೆ ಕಟ್ಟುವುದನ್ನು ಬಿಟ್ಟಳು. ರಿಪೇರಿಯಲ್ಲೇ ಹೇಗೋ ಹೊಟ್ಟೆ ಹೊರೆಯುತ್ತಾಳೆ. ಮಾವ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾಳೆ. ಆತ ಅಲ್ಲಿಂದಲೇ ಕೂಗಿ, ಊಟ ಆಯಿತಾ ಎಂದು ಕೇಳುತ್ತಾನೆ.